ಹರಿದ ಹಾಳೆಗಳ ದೃಶ್ಯ ಎಲ್ಲಿ ಹೋಯಿತು? – ‘ಐ ಸ್ಪಿಟ್ ಆನ್ ಯುವರ್ ಗ್ರೇವ್’ ರೀಮೇಕ್ ನೋಡಿದ ಮೇಲೆ

1978ರ ಮೂಲ ಚಿತ್ರದಲ್ಲಿ ಒಂದು ಸಣ್ಣ ದೃಶ್ಯವಿದೆ. ಜೆನಿಫರ್ ಹಿಲ್ಸ್ ಎಂಬ ಲೇಖಕಿ ಮನೆಯೊಳಗೆ ಒಬ್ಬಳೇ ಇದ್ದಾಳೆ. ನಾಲ್ವರು ಗಂಡಸರು ಅವಳ ಮೇಲೆ ಅತ್ಯಾಚಾರ ಮಾಡಿ, ಸತ್ತಳೆಂದು ನಂಬಿ ಹೊರಟುಹೋಗಿದ್ದಾರೆ. ಹೋಗುವ ಮೊದಲು ಅವಳು ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿಯನ್ನು ಕೈಗೆತ್ತಿಕೊಂಡು, ಗೇಲಿ ಮಾಡಿ, ಹರಿದುಹಾಕಿದ್ದಾರೆ. ಈಗ ಅವಳು ಆ ಚೂರುಗಳನ್ನು ಹೊಂದಿಸಿ ಅಂಟಿಸುತ್ತಿದ್ದಾಳೆ. ಹಿನ್ನೆಲೆ ಸಂಗೀತವಿಲ್ಲ, ಮಾತಿಲ್ಲ. ಹರಿದ ಅಂಚಿಗೆ ಹರಿದ ಅಂಚನ್ನು ಕೂಡಿಸುವುದಷ್ಟೇ ಅಲ್ಲಿ ನಡೆಯುತ್ತಿರುವುದು.

2010ರ ರೀಮೇಕ್ ನೋಡಿ ಮುಗಿಸಿದ ರಾತ್ರಿ ನನ್ನ ಮನಸ್ಸು ಈ ದೃಶ್ಯವನ್ನೇ ಹುಡುಕುತ್ತಿತ್ತು. ಹೊಸ ಚಿತ್ರದಲ್ಲಿ ಅದಿಲ್ಲ. ಅದರ ಜಾಗದಲ್ಲಿ ಬೇರೆಯದೂ ಬಂದಿಲ್ಲ. ರೀಮೇಕಿನ ಬಗ್ಗೆ ನನಗಿರುವ ತಕರಾರು ಬಹುಮಟ್ಟಿಗೆ ಇದೊಂದೇ.

ನಾನು ಇಪ್ಪತ್ತೊಂದು ವರ್ಷಗಳಿಂದ ಧ್ವನಿ ಸಂಕಲನದ ಕೆಲಸ ಮಾಡುತ್ತಿದ್ದೇನೆ. ಬೇರೆಯವರು ಕಣ್ಣಿನಿಂದ ಸಿನಿಮಾ ನೋಡುವಾಗ ನಾನು ಅರ್ಧ ಕಿವಿಯಿಂದಲೇ ನೋಡುತ್ತೇನೆ. ಹೆಜ್ಜೆ ಸಪ್ಪಳ, ಬಾಗಿಲಿನ ಕಿರುಗುಟ್ಟುವಿಕೆ, ಪಾತ್ರಧಾರಿ ಉಸಿರು ಬಿಗಿಹಿಡಿದ ಕ್ಷಣ, ಇವನ್ನೆಲ್ಲ ಕೂಡಿಸಿ ಕಳೆಯುವುದೇ ನನ್ನ ಕಸುಬು. ಎರಡೂ ಚಿತ್ರಗಳನ್ನು ಎರಡು ರಾತ್ರಿ, ಹೆಡ್‌ಫೋನ್ ಹಾಕಿಕೊಂಡು, ಮೊದಲು ಹಳೆಯದು, ಮರುದಿನ ಹೊಸದು ಎಂಬ ಕ್ರಮದಲ್ಲಿ ನೋಡಿದೆ. ಎರಡನೆಯ ರಾತ್ರಿ ಅಕ್ಕನ ಮಗಳು ಜೊತೆಗಿದ್ದಳು, ಆಗ ಹೆಡ್‌ಫೋನ್ ತೆಗೆದಿಟ್ಟು ಸ್ಪೀಕರಿನಲ್ಲಿ ಕೇಳಿದೆವು. ಅವಳಿಗೆ ಇಪ್ಪತ್ತಮೂರು ವರ್ಷ, ಮೂಲ ಚಿತ್ರವನ್ನು ನೋಡಿರಲಿಲ್ಲ. ಇಂದಿನ ಪ್ರೇಕ್ಷಕರಿಗಾಗಿ ಮತ್ತೆ ಮಾಡಿದ ಚಿತ್ರ ಎಂದ ಮೇಲೆ ಇಂದಿನ ಪ್ರೇಕ್ಷಕಿಯೊಬ್ಬಳು ಪಕ್ಕದಲ್ಲಿರಲಿ ಎಂದು ನಾನೇ ಕೂರಿಸಿಕೊಂಡೆ.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಎರಡೂ ಚಿತ್ರಗಳ ಕೊನೆಯವರೆಗಿನ ಕಥೆ ಬರುತ್ತದೆ, ಲೈಂಗಿಕ ಹಿಂಸೆಯ ಮಾತೂ ಬರುತ್ತದೆ. ಅದು ಬೇಡ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಚಿತ್ರ ನೋಡುವಾಗಲೂ ಹಾಗೆಯೇ, ನಡುವೆ ಎದ್ದುಹೋಗುವುದರಲ್ಲಿ ಯಾವ ಸೋಲೂ ಇಲ್ಲ.

ಮೂಲ ಚಿತ್ರ ಹುಟ್ಟಿದ ಬಗೆಯನ್ನು ತಿಳಿಯದೆ ರೀಮೇಕನ್ನು ಅಳೆಯಲಾಗದು. ನಿರ್ದೇಶಕ ಮೀರ್ ಜಾರ್ಚಿ ಸ್ವತಃ ಹೇಳಿಕೊಂಡಿರುವ ಪ್ರಸಂಗವಿದು. 1974ರಲ್ಲಿ ನ್ಯೂಯಾರ್ಕಿನಲ್ಲಿ ಅವರು ತಮ್ಮ ಪುಟ್ಟ ಮಗಳು ಮತ್ತು ಒಬ್ಬ ಗೆಳೆಯನೊಂದಿಗೆ ಕಾರಿನಲ್ಲಿ ಹೋಗುತ್ತಿದ್ದಾಗ, ಉದ್ಯಾನವೊಂದರ ಪೊದೆಗಳ ನಡುವಿನಿಂದ ಮೈಮೇಲೆ ಬಟ್ಟೆಯಿಲ್ಲದ, ರಕ್ತಸಿಕ್ತಳಾದ ಯುವತಿ ಹೊರಬಂದಳು. ಅತ್ಯಾಚಾರಕ್ಕೊಳಗಾಗಿದ್ದಳು. ಆಸ್ಪತ್ರೆಗೋ ಪೊಲೀಸರ ಬಳಿಗೋ ಎಂಬ ಗೊಂದಲದಲ್ಲಿ ಪೊಲೀಸರ ಬಳಿಗೇ ಕರೆದುಕೊಂಡು ಹೋದರು. ಆ ನಿರ್ಧಾರ ತಪ್ಪಾಯಿತೆಂದು ಅವರಿಗೆ ಬೇಗನೆ ಅರ್ಥವಾಯಿತು. ದವಡೆ ಮುರಿದು ಮಾತನಾಡಲಾಗದ ಸ್ಥಿತಿಯಲ್ಲಿದ್ದ ಹುಡುಗಿಯನ್ನು ಅಲ್ಲಿನ ಅಧಿಕಾರಿ ಆಸ್ಪತ್ರೆಗೆ ಕಳಿಸುವ ಬದಲು ಪ್ರಶ್ನೆ ಕೇಳುತ್ತ ಕೂತಿದ್ದನಂತೆ. ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಇವರೇ ಒತ್ತಾಯಿಸಬೇಕಾಯಿತು.

ಆ ಸಂಕಟದಿಂದ ಹುಟ್ಟಿದ ಚಿತ್ರಕ್ಕೆ ಜಾರ್ಚಿ ಇಟ್ಟ ಹೆಸರು ‘ಡೇ ಆಫ್ ದ ವುಮನ್’. ಕನೆಕ್ಟಿಕಟ್ ರಾಜ್ಯದ ಕೆಂಟ್ ಎಂಬ ಊರಿನ ಸುತ್ತಮುತ್ತ, ಸಣ್ಣ ಬಂಡವಾಳದಲ್ಲಿ ಚಿತ್ರೀಕರಿಸಿದರು. ಕ್ಯಾಮಿಲ್ ಕೀಟನ್ ಜೆನಿಫರ್ ಆದರು. ಮೊದಲು ಬಂದಾಗ ಚಿತ್ರ ಯಾರ ಗಮನಕ್ಕೂ ಬೀಳಲಿಲ್ಲ. 1980ರಲ್ಲಿ ವಿತರಕ ಜೆರ್ರಿ ಗ್ರಾಸ್ ಹೆಸರು ಬದಲಿಸಿ, ಹೊಸ ಪೋಸ್ಟರ್ ಮಾಡಿಸಿ ಮತ್ತೆ ಬಿಡುಗಡೆ ಮಾಡಿದಾಗ ಬೆಂಕಿ ಹತ್ತಿಕೊಂಡಿತು. ಆ ಪೋಸ್ಟರನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಚಾಕು ಹಿಡಿದು ಬೆನ್ನು ತಿರುಗಿಸಿ ನಿಂತ ಹರಿದ ಬಟ್ಟೆಯ ಹೆಂಗಸು, ಜೊತೆಗೆ ಈಕೆ ಐವರು ಗಂಡಸರನ್ನು ಕತ್ತರಿಸಿ, ಕೊಚ್ಚಿ, ಮುರಿದು, ಸುಟ್ಟಿದ್ದಾಳೆ ಎಂಬ ಅರ್ಥದ ಸಾಲು. ಚಿತ್ರದಲ್ಲಿರುವುದು ನಾಲ್ವರೇ. ಯಾರನ್ನೂ ಸುಡುವುದಿಲ್ಲ. ಟಿಕೆಟ್ ಮಾರಲು ಬರೆದ ಸುಳ್ಳು ಅದು. ಸಂಕಟದಿಂದ ಹುಟ್ಟಿದ ಚಿತ್ರದ ಮೇಲೆ ಸಂತೆಯ ಬಟ್ಟೆ ಹೊದಿಸಿದ್ದು ಹೀಗೆ.

ವಿಮರ್ಶಕ ರೋಜರ್ ಈಬರ್ಟ್ ಅದನ್ನು ಶಿಕಾಗೋದ ಚಿತ್ರಮಂದಿರದಲ್ಲಿ ನೋಡಿ, ಒಂದೂ ನಕ್ಷತ್ರ ಕೊಡದೆ ಕಿತ್ತೆಸೆದರು. ಅವರನ್ನು ಕಂಗೆಡಿಸಿದ್ದು ಚಿತ್ರವಷ್ಟೇ ಅಲ್ಲ. ಸುತ್ತ ಕುಳಿತಿದ್ದ ಕೆಲವರು ಅತ್ಯಾಚಾರದ ದೃಶ್ಯಗಳಿಗೆ ಕೇಕೆ ಹಾಕುತ್ತಿದ್ದುದು ಇನ್ನೂ ಹೆಚ್ಚಾಗಿ ಕಂಗೆಡಿಸಿತ್ತು. ಬ್ರಿಟನ್ನಿನಲ್ಲಿ ಹಿಂಸಾತ್ಮಕ ಚಿತ್ರಗಳ ವಿಡಿಯೊ ಕ್ಯಾಸೆಟ್ಟುಗಳ ಬಗ್ಗೆ ಎದ್ದ ಭೀತಿಯ ಕಾಲದಲ್ಲಿ ಇದರ ಹೆಸರು ನಿಷೇಧದ ಪಟ್ಟಿಯ ಮೇಲ್ಭಾಗದಲ್ಲೇ ಇತ್ತು, 1984ರಲ್ಲಿ ಅಲ್ಲಿ ವಿಡಿಯೊ ಕಾಯ್ದೆಯೂ ಬಂತು. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. 1992ರಲ್ಲಿ ಕ್ಯಾರಲ್ ಕ್ಲೋವರ್ ಎಂಬ ವಿದ್ವಾಂಸೆ ಭಯಾನಕ ಚಿತ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಇದರ ಒರಟುತನವನ್ನು ಒಪ್ಪಿಕೊಂಡೇ, ಇದನ್ನು ಗಂಭೀರವಾಗಿ ಚರ್ಚಿಸಿದರು. ಚಿತ್ರದ ವಿರುದ್ಧ ಪ್ರತಿಭಟಿಸಿದ್ದ ಬ್ರಿಟಿಷ್ ಸ್ತ್ರೀವಾದಿ ಜೂಲಿ ಬಿಂಡೆಲ್ ವರ್ಷಗಳ ನಂತರ ತಮ್ಮ ಅಂದಿನ ನಿಲುವು ತಪ್ಪಾಗಿತ್ತೆಂದು ಬಹಿರಂಗವಾಗಿ ಬರೆದರು. ಇಷ್ಟು ಜನರನ್ನು ಇಷ್ಟು ವರ್ಷ ಕಾಡಿದ ಚಿತ್ರವನ್ನು ಮತ್ತೆ ಮಾಡುತ್ತೇನೆ ಎನ್ನುವವನ ಹೆಗಲ ಮೇಲೆ ದೊಡ್ಡ ಹೊರೆಯೇ ಇರುತ್ತದೆ.

ಆ ಹೊರೆ ಹೊತ್ತವರು ಸ್ಟೀವನ್ ಆರ್. ಮನ್ರೋ. ಜಾರ್ಚಿ ಕಾರ್ಯಕಾರಿ ನಿರ್ಮಾಪಕರಾಗಿ ಜೊತೆಗಿದ್ದರು. ಕಥೆ ಲೂಯಿಸಿಯಾನಾದ ನೀರು, ಕಾಡು, ಬಿಸಿಗೆ ಸ್ಥಳಾಂತರಗೊಂಡಿತು. ಸಾರಾ ಬಟ್ಲರ್ ಹೊಸ ಜೆನಿಫರ್. ಇಷ್ಟಾದ ಮೇಲೆ ಚಿತ್ರ ಕಳಪೆಯಾಗಿದೆ ಎಂದರೆ ಸುಳ್ಳಾಗುತ್ತದೆ. ಛಾಯಾಗ್ರಹಣ ಹದವಾಗಿದೆ, ಮಾಸಿದ ಹಸಿರು ಬಣ್ಣ ಮೈಗಂಟುವ ಸೆಖೆಯ ಅನುಭವ ಕೊಡುತ್ತದೆ. ಮೂಲದಲ್ಲಿ ಕೆಲವು ಗಂಡಸರ ನಟನೆ ಶಾಲೆಯ ವಾರ್ಷಿಕೋತ್ಸವದ ಮಟ್ಟದ್ದು. ಇಲ್ಲಿ ಐವರೂ ನುರಿತ ನಟರು. ಹೌದು, ಐವರು. ಹಳೆಯ ಪೋಸ್ಟರಿನಲ್ಲಿ ಬರೆದಿದ್ದ ಸುಳ್ಳು ಲೆಕ್ಕ ಮೂವತ್ತು ವರ್ಷಗಳ ನಂತರ ರೀಮೇಕಿನಲ್ಲಿ ನಿಜವಾಯಿತು.

ಐದನೆಯವನು ಊರಿನ ಶೆರೀಫ್, ಎಂದರೆ ಅಲ್ಲಿನ ಪೊಲೀಸ್ ಅಧಿಕಾರಿ. ವೇಲ್ಸಿನ ನಟ ಆಂಡ್ರೂ ಹೋವರ್ಡ್ ಈ ಪಾತ್ರ ಮಾಡಿದ್ದಾರೆ. ಇಡೀ ರೀಮೇಕಿನಲ್ಲಿ ನನ್ನನ್ನು ಅಲುಗಾಡಿಸಿದ್ದು ಇವನು ಬರುವ ಭಾಗ. ದಾಳಿಕೋರರಿಂದ ತಪ್ಪಿಸಿಕೊಂಡು ಕಾಡಿಗೆ ಓಡಿದ ಜೆನಿಫರ್‌ಗೆ ಶೆರೀಫ್ ಎದುರಾಗುತ್ತಾನೆ. ಅವಳಿಗೂ ನಮಗೂ ಒಂದು ಉಸಿರು ಬಿಟ್ಟಂತಾಗುತ್ತದೆ. ಅವನು ಅವಳನ್ನು ಮತ್ತೆ ಅದೇ ಮನೆಗೆ ಕರೆತರುತ್ತಾನೆ, ಏನಾಯಿತೆಂದು ನೋಡೋಣ ಎನ್ನುವ ಧಾಟಿಯಲ್ಲಿ. ನಂತರ ಪ್ರಶ್ನೆಗಳು ಶುರುವಾಗುತ್ತವೆ. ಕುಡಿದಿದ್ದೆಯಾ, ಎಷ್ಟು ಕುಡಿದೆ, ಇದೇನು ಸೇದಿದ್ದೀಯೆ. ದನಿ ಏರುವುದಿಲ್ಲ. ಸಂಶಯ ಮಾತ್ರ ನಿಧಾನವಾಗಿ ಅವಳ ಕಡೆಗೇ ತಿರುಗುತ್ತದೆ. ಗೋಡೆಗೆ ಮುಖ ಮಾಡಿ ನಿಲ್ಲಿಸಿ ತಪಾಸಣೆ ಮಾಡುವ ಕೈ ಯಾವ ಕ್ಷಣದಲ್ಲಿ ಕಾನೂನಿನ ಕೈಯಾಗಿ ಉಳಿಯಲಿಲ್ಲ ಎಂದು ಬೆರಳಿಟ್ಟು ತೋರಿಸಲಾಗದು. ಅದನ್ನು ನಾವು ಗುರುತಿಸುವ ಹೊತ್ತಿಗೆ ಅವಳು ಗುರುತಿಸಿಯಾಗಿರುತ್ತದೆ. ಬಾಗಿಲಲ್ಲಿ ಉಳಿದವರು ಬಂದು ನಿಲ್ಲುತ್ತಾರೆ.

ಈ ದೃಶ್ಯ ನೋಡುವಾಗ ನನಗೆ ನೆನಪಾದದ್ದು 1974ರ ಆ ಠಾಣೆ, ದವಡೆ ಮುರಿದ ಹುಡುಗಿ, ಪ್ರಶ್ನೆ ಕೇಳುತ್ತಲೇ ಇದ್ದ ಅಧಿಕಾರಿ. ಮೂಲ ಚಿತ್ರದಲ್ಲಿ ಪೊಲೀಸರೇ ಇಲ್ಲ. ಚಿತ್ರಕ್ಕೆ ಕಾರಣವಾದ ನಿಜಘಟನೆಯ ಅರ್ಧಭಾಗ ತೆರೆಯ ಹೊರಗೇ ಉಳಿದಿತ್ತು. ಬೇಕೆಂದೇ ತಂದರೋ ತಾನಾಗಿ ಬಂತೋ, ರೀಮೇಕ್ ಅದನ್ನು ಒಳಗೆ ತಂದಿದೆ. ಗರ್ಭಿಣಿ ಹೆಂಡತಿ, ಮುದ್ದಿನ ಮಗಳು, ಭಾನುವಾರದ ಚರ್ಚು, ಇವೆಲ್ಲ ಇರುವ ಮನುಷ್ಯನನ್ನೇ ಈ ಕೆಲಸಕ್ಕೆ ಆರಿಸಿಕೊಂಡದ್ದು ಧೈರ್ಯದ ಆಯ್ಕೆ. ಹಳೆಯ ಚಿತ್ರವನ್ನು ಇಂದಿನವರಿಗಾಗಿ ಮಾಡುವುದೆಂದರೆ ಇದು ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅಕ್ಕನ ಮಗಳು ಕಾಲುಗಳನ್ನು ಸೋಫಾದ ಮೇಲೆ ಎಳೆದುಕೊಂಡು, ದಿಂಬನ್ನು ಎದೆಗವಚಿಕೊಂಡು ಕುಳಿತಿದ್ದಳು. ನಿಲ್ಲಿಸಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು.

ಇನ್ನೊಂದು ಹೊಸ ಸೇರ್ಪಡೆ ವಿಡಿಯೊ ಕ್ಯಾಮೆರಾ. ಸ್ಟ್ಯಾನ್ಲಿ ಎಂಬವನು ನಡೆಯುವುದನ್ನೆಲ್ಲ ಚಿತ್ರೀಕರಿಸುತ್ತಿರುತ್ತಾನೆ. ಇದರ ಹಿಂದಿನ ಯೋಚನೆ ಒಳ್ಳೆಯದೇ. ಇಂದು ಹಿಂಸೆ ನಡೆದು ಮುಗಿಯುವುದಿಲ್ಲ, ದಾಖಲಾಗಿ ಉಳಿಯುತ್ತದೆ, ಕೈಯಿಂದ ಕೈಗೆ ಹೋಗುತ್ತದೆ. ಆದರೆ ಚಿತ್ರ ಆಗಾಗ ಸ್ಟ್ಯಾನ್ಲಿಯ ಕ್ಯಾಮೆರಾದ ಒಳಗಿಂದಲೇ ನೋಡತೊಡಗುತ್ತದೆ. ಆಗ ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ? ಬ್ರಿಟನ್ನಿನ ಸೆನ್ಸಾರ್ ಮಂಡಳಿ ಈ ಚಿತ್ರದಿಂದ 43 ಸೆಕೆಂಡುಗಳಷ್ಟನ್ನು ಕತ್ತರಿಸಿತು. ಕತ್ತರಿ ಬಿದ್ದದ್ದು ಅತ್ಯಾಚಾರದ ದೃಶ್ಯಗಳಲ್ಲಿ ನಗ್ನತೆಯನ್ನು ರಂಜನೆಯಾಗಿಸುವ, ಅವಮಾನದಲ್ಲಿ ಪ್ರೇಕ್ಷಕನನ್ನು ಪಾಲುದಾರನಾಗಿಸುವ ಶಾಟುಗಳಿಗೆ. ನಾನು ಕತ್ತರಿಯ ಪರವಾಗಿ ಮಾತನಾಡುವವಳಲ್ಲ. ಕಸುಬಿನ ಅನುಭವದಿಂದ ಇಷ್ಟು ಹೇಳಬಲ್ಲೆ. 43 ಸೆಕೆಂಡು ಸಣ್ಣದಲ್ಲ. ಒಂದು ಶಾಟನ್ನು ಹನ್ನೆರಡು ಫ್ರೇಮ್, ಎಂದರೆ ಅರ್ಧ ಸೆಕೆಂಡು, ಹೆಚ್ಚು ಹಿಡಿದರೆ ನೋವು ನೋಟವಾಗುತ್ತದೆ. ಮೂಲದ ಅತ್ಯಾಚಾರದ ಭಾಗ ಸುಮಾರು ಅರ್ಧ ಗಂಟೆ ಸಾಗುತ್ತದೆ, ಅದನ್ನು ಸಹಿಸುವುದು ಬಹಳ ಕಷ್ಟ. ಆದರೂ ಅಲ್ಲಿ ಕ್ಯಾಮೆರಾ ಮೊದ್ದಾಗಿ, ದೂರದಲ್ಲಿ ನಿಂತುಬಿಡುತ್ತದೆ. ಸುಂದರವಾಗಿ ತೋರಿಸಲು ಅದಕ್ಕೆ ಬರುವುದೇ ಇಲ್ಲ. ರೀಮೇಕಿನ ಕ್ಯಾಮೆರಾಕ್ಕೆ ಬರುತ್ತದೆ. ಅದೇ ತೊಂದರೆ.

ಕಾರಣ ಕೊಡುವ ಚಟವೂ ರೀಮೇಕಿಗಿದೆ. ಪೆಟ್ರೋಲ್ ಬಂಕಿನಲ್ಲಿ ದಾಳಿಕೋರರ ಮುಂದಾಳು ಜಾನಿ ಜೆನಿಫರ್ ಜೊತೆ ಸಲುಗೆಗೆ ಹೋಗಿ, ಗೆಳೆಯರೆದುರು ಮುಖಭಂಗ ಅನುಭವಿಸುತ್ತಾನೆ. ಮುಂದಿನದಕ್ಕೆಲ್ಲ ಅದೇ ಬೀಜ ಎಂಬಂತೆ ಕಥೆ ಹೆಣೆಯಲಾಗಿದೆ. ಮೂಲದಲ್ಲಿ ಅಂಥದ್ದೇನೂ ಆಗುವುದಿಲ್ಲ. ಅವಳು ಬಂದಳು, ಅವರು ನೋಡಿದರು, ಅಷ್ಟೇ. ಕಾರಣಗಳೆಲ್ಲ ಆಮೇಲೆ, ಬಂದೂಕಿನ ಎದುರು ನಿಂತಾಗ ಜಾನಿಯ ಬಾಯಿಂದ ಬರುತ್ತವೆ. ನೀನು ಕಾಲು ತೋರಿಸಿದೆ, ಅರೆಬಟ್ಟೆಯಲ್ಲಿ ಓಡಾಡಿದೆ, ಗಂಡಸಾದವನು ಏನು ಮಾಡಬೇಕು ಎಂಬ ಧಾಟಿಯ ಮಾತು. ಜಗತ್ತಿನ ಎಲ್ಲ ಕಡೆ ಕೇಳಿಬರುವ ಈ ವಾದವನ್ನು ಅಪರಾಧಿಯ ಬಾಯಲ್ಲೇ ಪೂರ್ತಿಯಾಗಿ ಹೇಳಿಸಿ, ಅವಳು ಒಪ್ಪಿದವಳಂತೆ ನಟಿಸಿ ಅವನನ್ನು ಮನೆಗೆ ಕರೆದೊಯ್ಯುತ್ತಾಳೆ. ಉತ್ತರ ಸ್ನಾನದ ತೊಟ್ಟಿಯಲ್ಲಿ ಸಿಗುತ್ತದೆ. ಒರಟು ಚಿತ್ರವೊಂದು ಎಷ್ಟು ಸ್ಪಷ್ಟವಾಗಿ ಯೋಚಿಸಬಲ್ಲದು ಎಂಬುದಕ್ಕೆ ನನಗೆ ಈ ಭಾಗವೇ ಸಾಕ್ಷಿ.

ಈಗ ರೀಮೇಕಿನ ನಡುಭಾಗಕ್ಕೆ ಬರುತ್ತೇನೆ.

ದಾಳಿ ಮುಗಿದಿದೆ. ಜೆನಿಫರ್ ತಡವರಿಸುತ್ತ ಸೇತುವೆಯ ಮೇಲೆ ನಡೆಯುತ್ತಾಳೆ. ಶೆರೀಫ್ ಬಂದೂಕು ಎತ್ತುವ ಹೊತ್ತಿಗೆ ಅವಳು ನೀರಿಗೆ ಬೀಳುತ್ತಾಳೆ. ಗಂಡಸರು ದಡದಲ್ಲಿ ಹುಡುಕುತ್ತಾರೆ, ಹೆಣ ಸಿಗುವುದಿಲ್ಲ. ಅಲ್ಲಿಂದ ಮುಂದೆ ಚಿತ್ರ ಅವರ ಜೊತೆ ಹೋಗುತ್ತದೆ. ಅವರ ಭಯ, ಅವರ ಜಗಳ, ಟೇಪು ಎಲ್ಲಿದೆ ಎಂಬ ಅವರ ತಲೆಬಿಸಿ, ಹೊರಗೆ ಯಾರೋ ಓಡಾಡಿದಂತಾದಾಗ ಅವರ ಬೆಚ್ಚುವಿಕೆ. ದಿನಗಳು ಉರುಳುತ್ತವೆ. ಅಕ್ಕನ ಮಗಳು ನನ್ನ ಕಡೆ ತಿರುಗಿ ಕೇಳಿದಳು.

“ಚಿಕ್ಕಮ್ಮ, ಅವಳು ಎಲ್ಲಿ ಹೋದಳು?”

“ಬರುತ್ತಾಳೆ.”

“ಬರುತ್ತಾಳೆ ಎಂದು ನನಗೂ ಗೊತ್ತು. ಈಗ ಎಲ್ಲಿದ್ದಾಳೆ? ಊಟಕ್ಕೇನು ಮಾಡುತ್ತಿದ್ದಾಳೆ? ಗಾಯಕ್ಕೆ ಔಷಧ ಯಾರು ಕೊಟ್ಟರು?”

ನಾನು ಚಿತ್ರವನ್ನು ನಿಲ್ಲಿಸಿದೆ. ಅವಳ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ಮೂಲದಲ್ಲಿ ಇದೆ, ಪೂರ್ತಿ ಇದೆ. ಮೈ ತೊಳೆದುಕೊಳ್ಳುವುದು ಇದೆ. ಸುಮ್ಮನೆ ಕೂರುವುದು ಇದೆ. ಹಾಳೆಗಳನ್ನು ಅಂಟಿಸುವುದು ಇದೆ. ಕಪ್ಪು ಬಟ್ಟೆ ಉಟ್ಟು ಚರ್ಚಿಗೆ ಹೋಗಿ, ಇನ್ನೂ ಮಾಡಿರದ ಕೆಲಸಕ್ಕೆ ಮೊದಲೇ ಕ್ಷಮೆ ಕೇಳುವುದು ಇದೆ. ಎರಡು ವಾರ ಹೀಗೆ ಕಳೆಯುತ್ತವೆ. ಮೂಲ ಚಿತ್ರವನ್ನು ದ್ವೇಷಿಸುವವರೂ ಒಂದು ಮಾತನ್ನು ಒಪ್ಪಬೇಕು. ಅವಳ ಮೈ ಮುರಿದಾಗಲೂ ಅದು ಅವಳ ಪಕ್ಕದಲ್ಲಿತ್ತು, ಮೈ ಚೇತರಿಸಿಕೊಂಡಾಗಲೂ ಇತ್ತು. ಸೇಡಿಗೆ ಹೊರಟವಳು ಯಾರೆಂದು ನಮಗೆ ಗೊತ್ತಿತ್ತು. ಮೊದಲನೆಯ ಅರ್ಧ ನೋವು, ಎರಡನೆಯ ಅರ್ಧ ಸೇಡು. ಅವೆರಡನ್ನೂ ಹೊಲಿದಿದ್ದ ದಾರ ಆ ಎರಡು ವಾರಗಳು.

ರೀಮೇಕ್ ಆ ದಾರವನ್ನೇ ಎಳೆದು ತೆಗೆದಿದೆ. ಹಾಗಾಗಿ ಮರಳಿ ಬರುವ ಜೆನಿಫರ್ ಹಿಂತಿರುಗಿದ ಮನುಷ್ಯಳಂತೆ ಕಾಣುವುದಿಲ್ಲ, ಕತ್ತಲಲ್ಲಿ ಸುಳಿಯುವ ದೆವ್ವದಂತೆ ಕಾಣುತ್ತಾಳೆ. ಇದುವರೆಗೆ ಅವಳಿಗಾಗಿ ಹೆದರುತ್ತಿದ್ದ ನಾವು ಈಗ ಅವಳಿಗೆ ಹೆದರುವ ಗಂಡಸರ ಜೊತೆ ಕುಳಿತಿದ್ದೇವೆ. ಭಯಾನಕ ಚಿತ್ರದ ನಿಯಮಕ್ಕೆ ಇದು ಸರಿಹೊಂದುತ್ತದೆ, ಕಾಣದ ಕೊಲೆಗಾರ ಕಂಡ ಕೊಲೆಗಾರನಿಗಿಂತ ಭಯ ಹುಟ್ಟಿಸುತ್ತಾನೆ. ಆದರೆ ಇಲ್ಲಿ ಕಾಣದಂತೆ ಮಾಡಿದ್ದು ಯಾರನ್ನು? ಅತ್ಯಾಚಾರವನ್ನು ನಿಮಿಷಗಟ್ಟಲೆ ತೋರಿಸಲು ಸಮಯವಿದ್ದ ಚಿತ್ರಕ್ಕೆ, ಅವಳು ಗಾಯಕ್ಕೆ ಬಟ್ಟೆ ಕಟ್ಟಿಕೊಳ್ಳುವುದನ್ನು ಒಂದು ನಿಮಿಷ ತೋರಿಸಲು ಸಮಯವಿರಲಿಲ್ಲ. 108 ನಿಮಿಷಗಳ ಚಿತ್ರವಿದು, ಮೂಲಕ್ಕಿಂತ ಉದ್ದ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿಯೇ.

ಸೇಡಿನ ಭಾಗವನ್ನು ಹೆಚ್ಚು ವಿವರಿಸುವುದಿಲ್ಲ. ಅದು ಲೆಕ್ಕಾಚಾರದ ಸೇಡು. ನೋಡಿ ಚಿತ್ರೀಕರಿಸಿದವನ ಕಣ್ಣುರೆಪ್ಪೆಗಳಿಗೆ ಮೀನಿನ ಗಾಳ, ಮೇಲೆ ಕಾಗೆಗಳು. ನೀರಿನಲ್ಲಿ ಅವಳ ಮುಖ ಮುಳುಗಿಸಿದವನಿಗೆ ಕ್ಷಾರ ಬೆರೆಸಿದ ತೊಟ್ಟಿ. ಹಲ್ಲು ತೋರಿಸೆಂದು ಅವಳನ್ನು ಕುದುರೆಯಂತೆ ನಡೆಸಿಕೊಂಡವನ ಹಲ್ಲುಗಳಿಗೆ ಇಕ್ಕಳ. ಮಾಡಿದ್ದಕ್ಕೆ ಮಾಡಿದಷ್ಟೇ, ತಕ್ಕಡಿಯಲ್ಲಿ ತೂಗಿದ ಹಾಗೆ. ಆ ದಶಕದಲ್ಲಿ, 2004ರ ‘ಸಾ’ ಮತ್ತು 2005ರ ‘ಹಾಸ್ಟೆಲ್’ ಬಂದ ಮೇಲೆ, ಯಂತ್ರ ಕಟ್ಟಿ ಹಿಂಸಿಸುವ ಚಿತ್ರಗಳ ಒಂದು ಸಾಲೇ ಇತ್ತು. ಜೆನಿಫರ್ ಆ ಸಾಲಿನ ಕುಶಲಕರ್ಮಿಯಾಗಿಬಿಟ್ಟಿದ್ದಾಳೆ. ಹಗ್ಗ, ರಾಟೆ, ಕೊಕ್ಕೆಗಳನ್ನೆಲ್ಲ ಅವಳು ಯಾವಾಗ ಹೊಂದಿಸಿದಳು, ಆ ಭಾರವನ್ನು ಒಬ್ಬಳೇ ಹೇಗೆ ಎತ್ತಿದಳು ಎಂದು ಕೇಳುವ ಹಾಗಿಲ್ಲ, ಏಕೆಂದರೆ ಆ ಸಮಯವೆಲ್ಲ ಕಳೆದದ್ದು ನಮ್ಮ ಕಣ್ಣಿಂದ ಕದ್ದ ಅದೇ ನಡುಭಾಗದಲ್ಲಿ. ಸಾರಾ ಬಟ್ಲರ್ ಮೊದಲರ್ಧದಲ್ಲಿ ಪ್ರಾಣ ಪಣಕ್ಕಿಟ್ಟಂತೆ ನಟಿಸಿದ್ದಾರೆ, ಅವರ ಕಣ್ಣುಗಳಲ್ಲಿ ಭಯ ಹಂತಹಂತವಾಗಿ ಬೇರೆ ಏನೋ ಆಗುವುದನ್ನು ಕಾಣಬಹುದು. ಎರಡನೆಯ ಅರ್ಧದಲ್ಲಿ ಚಿತ್ರಕಥೆ ಅವರಿಗೆ ಕೊಟ್ಟಿರುವುದು ಗಂಡಸರು ಆಡಿದ ಮಾತುಗಳನ್ನೇ ತಿರುಗಿಸಿ ಹೇಳುವ ಚುಟುಕು ಸಂಭಾಷಣೆ ಮಾತ್ರ. ಇಷ್ಟು ಒಳ್ಳೆಯ ನಟಿಯನ್ನು ಇಟ್ಟುಕೊಂಡು ಹೀಗೆ ಮಾಡಬಾರದಿತ್ತು.

ಮ್ಯಾಥ್ಯೂ ಬಗ್ಗೆ ಒಂದು ಮಾತು. ಬುದ್ಧಿ ಬೆಳೆಯದ ಈ ಹುಡುಗನನ್ನು ಉಳಿದವರು ಬಲವಂತದಿಂದ ಅಪರಾಧಕ್ಕೆ ಎಳೆಯುತ್ತಾರೆ. ರೀಮೇಕಿನಲ್ಲಿ ಚಾಡ್ ಲಿಂಡ್‌ಬರ್ಗ್ ಅವನ ಅಳುಕು, ಪಶ್ಚಾತ್ತಾಪಗಳನ್ನು ತುಂಬ ಸೂಕ್ಷ್ಮವಾಗಿ ಮಾಡಿದ್ದಾರೆ. ಕೊನೆಯಲ್ಲಿ ಶೆರೀಫನನ್ನು ಕೊಲ್ಲುವ ಬಂದೂಕಿನ ಕುದುರೆಗೆ ಕಟ್ಟಿದ ಹುರಿ ಮ್ಯಾಥ್ಯೂನ ಕೈಯಲ್ಲಿರುತ್ತದೆ, ಎಚ್ಚರಾಗಿ ಅಲುಗಾಡಿದ ಕ್ಷಣ ಇಬ್ಬರೂ ಸಾಯುತ್ತಾರೆ. ಅವನು ಮಾಡಿದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಸಾವನ್ನು ಒಂದು ಯಂತ್ರದ ಬಿಡಿಭಾಗ ಮಾಡಿದ್ದು ನನಗೆ ಹಿಡಿಸಲಿಲ್ಲ. ಅಷ್ಟು ಹೊತ್ತು ಅವನನ್ನು ಮನುಷ್ಯನಂತೆ ತೋರಿಸಿದ್ದು ಯಾಕೆ ಹಾಗಾದರೆ?

ಧ್ವನಿಯ ಬಗ್ಗೆ ಹೇಳದೆ ನನ್ನಿಂದ ಮುಗಿಸಲಾಗದು. ಮೂಲ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಕೇಳುವ ಸಂಗೀತವೆಲ್ಲ ದೃಶ್ಯದ ಒಳಗಿನದು. ಒಬ್ಬ ನುಡಿಸುವ ಮೌತ್ ಆರ್ಗನ್, ಚರ್ಚಿನ ವಾದ್ಯ, ಅಂಗಡಿಯ ಸ್ಪೀಕರಿನಿಂದ ಬರುವ ಪೇಲವ ರಾಗ. ಉಳಿದದ್ದು ಹಕ್ಕಿ, ಎಲೆ, ನೀರು, ಮತ್ತು ಮೋಟಾರ್ ದೋಣಿಯ ಗುಂಯ್ ಎನ್ನುವ ಸದ್ದು. ಆ ದೋಣಿಯ ಸದ್ದು ಮೊದಲು ಬರೀ ಕಿರಿಕಿರಿಯಾಗಿ, ನಂತರ ಬೆದರಿಕೆಯಾಗಿ, ಕೊನೆಗೆ ಅವಳ ಕೈಯ ಆಯುಧವಾಗಿ ಬದಲಾಗುತ್ತದೆ. ಒಂದೇ ಸದ್ದಿಗೆ ಮೂರು ಅರ್ಥ! ಸ್ಟುಡಿಯೊದಲ್ಲಿ ಕುಳಿತು ಇಂಥದ್ದಕ್ಕಾಗಿ ನಾವು ವಾರಗಟ್ಟಲೆ ಒದ್ದಾಡುತ್ತೇವೆ. ಜಾನಿಯನ್ನು ಸ್ನಾನದ ಕೋಣೆಯಲ್ಲಿ ಬೀಗ ಹಾಕಿ ಬಂದು ಅವಳು ಕೆಳಗೆ ಕುಳಿತಾಗ ಗ್ರಾಮಫೋನಿನಲ್ಲಿ ಪುಚ್ಚೀನಿಯ ‘ಮನೋನ್ ಲೆಸ್ಕೊ’ ಆಪೆರಾದ ಹಾಡು ಬರುತ್ತದೆ. ಒಂಟಿ, ದಿಕ್ಕುಗೆಟ್ಟವಳು, ಕೈಬಿಟ್ಟವಳು ಎಂದು ಹಾಡುವ ಹೆಣ್ಣಿನ ಗೀತೆ ಅದು. ಮೇಲಿನಿಂದ ಅವನ ಚೀರಾಟ, ಕೆಳಗೆ ಅವಳು ಹಾಕಿದ ಹಾಡು. ಏನನ್ನು ಅನುಭವಿಸಬೇಕೆಂದು ಆ ಚಿತ್ರ ನಮಗೆ ಹೇಳಿಕೊಡುವುದಿಲ್ಲ.

ರೀಮೇಕ್ ಹೇಳಿಕೊಡುತ್ತದೆ. ಅಪಾಯ ಬರುವ ಮೊದಲೇ ತಂತಿವಾದ್ಯ ಗುನುಗುತ್ತದೆ, ಬಾಗಿಲು ತೆರೆದರೆ ಒಂದು ಬಡಿತ, ಯಾರಾದರೂ ಬೆಚ್ಚಿದರೆ ಇನ್ನೊಂದು. ಮಿಕ್ಸಿಂಗ್ ಅಚ್ಚುಕಟ್ಟಾಗಿದೆ, ಸಂಗೀತ ಸಂಯೋಜನೆಯಲ್ಲೂ ದೋಷವಿಲ್ಲ. ಆದರೂ ಶೆರೀಫನ ವಿಚಾರಣೆಯ ದೃಶ್ಯ ಅಷ್ಟು ಚೆನ್ನಾಗಿ ನಿಂತದ್ದು ಪದಗಳ ನಡುವಿನ ಮೌನದಿಂದ ಎಂಬುದನ್ನು ಅವರೇ ಗಮನಿಸಿದ್ದರೆ, ಉಳಿದ ಕಡೆಯೂ ಸಂಗೀತವನ್ನು ತಡೆಹಿಡಿಯುತ್ತಿದ್ದರೇನೋ.

ರೀಮೇಕ್ ಎಂದ ಮಾತ್ರಕ್ಕೆ ಹೀಗೇ ಆಗಬೇಕೆಂದಿಲ್ಲ. ಮಗಳ ಮೇಲಾದ ದಾಳಿಗೆ ಅಪ್ಪ ಅಮ್ಮ ಸೇಡು ತೀರಿಸಿಕೊಳ್ಳುವ 1972ರ ‘ದ ಲಾಸ್ಟ್ ಹೌಸ್ ಆನ್ ದ ಲೆಫ್ಟ್’ ಚಿತ್ರವನ್ನು 2009ರಲ್ಲಿ ಮತ್ತೆ ಮಾಡಿದಾಗ ಒಂದು ಮುಖ್ಯ ಬದಲಾವಣೆಯಾಯಿತು, ಹಳೆಯದರಲ್ಲಿ ಸತ್ತುಹೋಗುತ್ತಿದ್ದ ಮಗಳು ಬದುಕುಳಿದಳು. ಅದರಿಂದ ಅಪ್ಪ ಅಮ್ಮಂದಿರ ಹಿಂಸೆಗೆ ಸೇಡಿನ ಜೊತೆ ಕಾಪಾಡುವ ಕಾರಣವೂ ಸೇರಿತು. ಮಗಳ ಗಾಯವನ್ನು ಡಾಕ್ಟರ್ ತಂದೆ ಮನೆಯಲ್ಲೇ ಉಪಚರಿಸುವ ದೃಶ್ಯ ಆ ಚಿತ್ರದ ಜೀವಾಳ. ಕೊನೆಯ ಮೈಕ್ರೊವೇವ್ ದೃಶ್ಯ ಮಾತ್ರ ಬೇಡವೇ ಬೇಡವಾಗಿತ್ತು. ಅಲ್ಲಿಯವರೆಗೆ ಕಟ್ಟಿದ್ದನ್ನೆಲ್ಲ ಅದು ಕೆಡವುತ್ತದೆ.

ಅಧಿಕೃತವಾಗಿ ರೀಮೇಕ್ ಅಲ್ಲದ, ಆದರೆ ಇದೇ ಕಥೆಯನ್ನು ಇಂದಿನವರಿಗಾಗಿ ಮತ್ತೆ ಹೇಳಿದ ಚಿತ್ರವೆಂದು ನಾನು ಭಾವಿಸುವುದು ಫ್ರಾನ್ಸಿನ ಕೊರಾಲಿ ಫರ್ಜಾ ಅವರ 2017ರ ‘ರಿವೆಂಜ್’. ಅದರಲ್ಲಿ ಅತ್ಯಾಚಾರ ನಡೆಯುವಾಗ ಒಬ್ಬ ಗೆಳೆಯ ಬಾಗಿಲ ಬಳಿ ಬರುತ್ತಾನೆ. ಬಾಯಲ್ಲಿ ಚಾಕೊಲೇಟ್ ಮಿಠಾಯಿ. ನೋಡುತ್ತಾನೆ, ಜಗಿಯುತ್ತಾನೆ. ಜಗಿಯುವ ಬಾಯಿಯೇ ತೆರೆ ತುಂಬುತ್ತದೆ, ಎಂಜಲಿನ ಆ ಸದ್ದು ಕಿವಿಯೊಳಗೇ ಕೇಳಿದಂತಿರುತ್ತದೆ. ನಂತರ ಅವನು ಬಾಗಿಲು ಮುಚ್ಚಿ, ಟಿವಿಯ ಸದ್ದು ಹೆಚ್ಚಿಸುತ್ತಾನೆ. ಕಾರ್ ರೇಸಿನ ಗದ್ದಲದಲ್ಲಿ ಅವಳ ಕೂಗು ಮುಳುಗುತ್ತದೆ. ನಮಗೆ ಕಂಡದ್ದು ಅತ್ಯಲ್ಪ, ತಪ್ಪು ಯಾರದೆಂಬುದರಲ್ಲಿ ಮಾತ್ರ ಸಂಶಯವೇ ಉಳಿಯುವುದಿಲ್ಲ. ಮುಂದೆ ಅವಳು ತನ್ನ ಹೊಟ್ಟೆಯ ಗಾಯವನ್ನು ತಾನೇ ಸುಟ್ಟು ಮುಚ್ಚಿಕೊಳ್ಳುವ ದೀರ್ಘ ದೃಶ್ಯವಿದೆ, ಗವಿಯೊಳಗೆ, ಒಬ್ಬಳೇ. ಔಷಧ ಯಾರು ಕೊಟ್ಟರು ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಕೊನೆಯಲ್ಲಿ ಬೆತ್ತಲೆಯಾಗಿ, ರಕ್ತ ಸುರಿಸುತ್ತ ಮನೆಯ ಪಡಸಾಲೆಯಲ್ಲಿ ಓಡುವುದು ಗಂಡಸು.

ಈಬರ್ಟ್ 2010ರ ರೀಮೇಕಿಗೂ ಶೂನ್ಯವನ್ನೇ ಕೊಟ್ಟರು. ನಾನು ಅಷ್ಟು ಕಠಿಣಳಾಗಲಾರೆ. ಐದಕ್ಕೆ ಎರಡು ಅಂಕ ಕೊಡುತ್ತೇನೆ, ಎರಡೂ ಅಂಕ ಶೆರೀಫನ ವಿಚಾರಣೆಗೆ ಮತ್ತು ಆ ದೃಶ್ಯದ ಸಾರಾ ಬಟ್ಲರ್‌ಗೆ. ಈ ಬಗೆಯ ಚಿತ್ರಗಳಿಗೆ ಹೊಸಬರಾದವರು ‘ರಿವೆಂಜ್’ನಿಂದ ಶುರುಮಾಡಿ. ಗಟ್ಟಿ ಮನಸ್ಸಿದ್ದರೆ, ಒಬ್ಬರೇ ಇಲ್ಲದ ರಾತ್ರಿಯೊಂದನ್ನು ಆರಿಸಿಕೊಂಡು 1978ರದನ್ನು ನೋಡಿ. ಕತ್ತರಿ ಹಾಕಿದ ಪ್ರತಿಗಳೂ ಓಡಾಡುತ್ತಿವೆ, ನಿಮಗೆ ಸಿಕ್ಕಿದ್ದು ಸುಮಾರು 101 ನಿಮಿಷ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ರೀಮೇಕನ್ನು ಕೊನೆಗಿಟ್ಟುಕೊಳ್ಳಿ, ಅವಳು ಸೇತುವೆಯಿಂದ ಬಿದ್ದ ಮೇಲೆ ಆರಿಸಿಬಿಟ್ಟರೂ ನಷ್ಟವಿಲ್ಲ. ಅಕ್ಕನ ಮಗಳು ಪೂರ್ತಿ ನೋಡಿದಳು. ಮರುದಿನ ಬೆಳಿಗ್ಗೆ ಹಳೆಯ ಚಿತ್ರದ ಆ ಹಾಳೆ ಅಂಟಿಸುವ ಭಾಗವನ್ನಷ್ಟೇ ಹಾಕಿಕೊಡಿ ಎಂದು ಕೇಳಿದಳು. ಹಾಕಿಕೊಟ್ಟು ನಾನು ಕೆಲಸಕ್ಕೆ ಹೊರಟೆ.